ಊರಿನ ಕೊರತೆಯ ಒಕ್ಕಣೆ

ಅನುದಾನಕ್ಕೆ ಅರ್ಜಿ ಬರೆದವರಿಗೆಲ್ಲ ಒಂದು ಖಾನೆಯ ಪರಿಚಯ ಇದ್ದೇ ಇರುತ್ತದೆ. ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, 12ಎ, 80ಜಿ ಎಲ್ಲ ತುಂಬಿ ಮುಗಿದ ಮೇಲೆ ಅದು ಬರುತ್ತದೆ: ‘ಸಮುದಾಯದ ಅಗತ್ಯವನ್ನು ವಿವರಿಸಿ’. ಅಲ್ಲಿಯವರೆಗೆ ಸರಾಗವಾಗಿ ಓಡಿದ ಪೆನ್ನು ಅಲ್ಲಿ ನಿಲ್ಲುತ್ತದೆ. ಊರಿಗೆ ಏನು ಬೇಕು ಅನ್ನುವುದು ಊರಲ್ಲಿರುವವರಿಗೆ ಗೊತ್ತು. ಆದರೆ ಗೊತ್ತಿರುವುದನ್ನು ಊರು ನೋಡದವರಿಗೆ ತಿಳಿಸುವುದು ಬೇರೆಯೇ ಕೆಲಸ. ಬಹಳ ಮಂದಿ ಅಲ್ಲಿ ‘ನಮ್ಮಲ್ಲಿ ಗ್ರಂಥಾಲಯ ಇಲ್ಲ, ಆದ್ದರಿಂದ ಗ್ರಂಥಾಲಯದ ಅಗತ್ಯ ಇದೆ’ ಎಂದು ಬರೆದು ಮುಂದಿನ ಖಾನೆಗೆ ಹೋಗಿಬಿಡುತ್ತಾರೆ. ಕೇಳುವ ವಸ್ತುವಿನ ಹೆಸರನ್ನೇ ಎರಡು ಸಲ ಹೇಳಿದಂತಾಯಿತು, ಅಷ್ಟೆ.

ಈ ಖಾನೆ ಕಂಪನಿಗಳ ಸಿಎಸ್‌ಆರ್ ವಿಭಾಗದವರು ಮೊನ್ನೆ ಮೊನ್ನೆ ಹುಟ್ಟಿಸಿದ್ದು ಅಂತ ನಮಗೆ ಅನ್ನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ಈ ಸೀಮೆಯಲ್ಲಿ ಕನಿಷ್ಠ ಆರೇಳು ನೂರು ವರ್ಷದಿಂದ ಜನ ಇದನ್ನು ತುಂಬುತ್ತಾ ಬಂದಿದ್ದಾರೆ; ಕಾಗದ ಬದಲಾಗಿದೆ, ಓದುವವರು ಬದಲಾಗಿದ್ದಾರೆ. ಹಳೆಯ ಕಾಲದವರು ಅಲ್ಲಿ ಏನು ಬರೆದರು, ಏನು ಬಿಟ್ಟರು ಎಂದು ನೋಡಿದರೆ ಇವತ್ತು ನಾಗಸಂದ್ರದಂಥ ಊರು ಅದೇ ಖಾನೆಯ ಮುಂದೆ ಯಾಕೆ ತಡವರಿಸುತ್ತದೆ ಅನ್ನುವುದೂ ತಿಳಿಯುತ್ತದೆ.

ಊರಿನ ಹೆಸರಿನಿಂದಲೇ ಶುರುಮಾಡೋಣ. ಬೆಂಗಳೂರಿನ ಸುತ್ತ ‘ಸಂದ್ರ’ ಎಂದು ಕೊನೆಯಾಗುವ ಊರುಗಳು ಎಷ್ಟಿವೆ ನೋಡಿ: ನಾಗಸಂದ್ರ, ಚೊಕ್ಕಸಂದ್ರ, ಮಲ್ಲಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಈ ಸಂದ್ರ ‘ಸಮುದ್ರ’ದ ಸವೆದ ರೂಪ ಎನ್ನುತ್ತಾರೆ ಸ್ಥಳನಾಮ ಅಧ್ಯಯನ ಮಾಡಿದವರು. ಸಮುದ್ರ ಎಂದರೆ ಕಟ್ಟಿದ ಕೆರೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಈ ಮೈದಾನದಲ್ಲಿ ಯಾರೋ ಯಾರನ್ನೋ ಕೇಳಿ, ಒಪ್ಪಿಸಿ, ದುಡ್ಡೋ ಭೂಮಿಯೋ ಪಡೆದು ಏರಿ ಕಟ್ಟಿಸದೆ ಕೆರೆ ಆಗುವುದಿಲ್ಲ. ಹೊಸಕೋಟೆ ದಾರಿಯ ಕಾಡುಗೋಡಿಯಲ್ಲಿ, ಅಂದರೆ ಇವತ್ತಿನ ವೈಟ್‌ಫೀಲ್ಡ್ ಪಕ್ಕದಲ್ಲಿ, ಚೋಳರ ಕಾಲದ 1043ರ ತಮಿಳು ಶಾಸನವೊಂದು ಪಟ್ಟಂದೂರಿನ ಕೆರೆ, ತೂಬು, ಗುಡಿಗಳನ್ನು ಮಾಡಿಸಿದ್ದನ್ನು ಹೇಳುತ್ತದೆ. ನಾಗಸಂದ್ರದ ಕೆರೆ ಕಟ್ಟಿಸಿದವರ ಹೆಸರು ನಮಗೆ ಉಳಿದಿಲ್ಲ, ಕೆರೆಯೇ ಊರಿನ ಹೆಸರಾಗಿ ಉಳಿದಿದೆ. ಆಗಿನ ಅಗತ್ಯ ಏನಾಗಿತ್ತು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಒಕ್ಕಣೆ ಸಿಗಲಾರದು.

ಶಾಸನಗಳಲ್ಲಿ ಇಂಥ ಬೇಡಿಕೆಗೆ ಇರುವ ಮಾತು ಬಿನ್ನಹ, ಇಲ್ಲವೇ ಬಿನ್ನಪ. ಸಂಸ್ಕೃತದ ವಿಜ್ಞಾಪನದಿಂದ ಬಂದದ್ದು. ಮೂಲ ಅರ್ಥದಲ್ಲಿ ಬೇಡುವುದು ಇಲ್ಲ, ತಿಳಿಯಪಡಿಸುವುದಿದೆ. ಆಮೇಲೆ ಬಂದ ‘ಅರ್ಜಿ’ಯ ಬೇರೂ ಅಂಥದ್ದೇ, ಮುಂದಿಡುವುದು ಎಂಬ ಅರ್ಥದ ಅರಬ್ಬಿ ಮಾತು. ಹೆಚ್ಚಿನ ದಾನಶಾಸನಗಳಲ್ಲಿ ಬಿನ್ನಹ ಒಂದೇ ಸಾಲಿನಲ್ಲಿ ಮುಗಿದು ದಾನದ ವಿವರ ಉದ್ದಕ್ಕೆ ಬರುತ್ತದೆ. ಶ್ರವಣಬೆಳಗೊಳದ ಅಕ್ಕನಬಸದಿಯನ್ನೇ ತೆಗೆದುಕೊಳ್ಳಿ. 1181ರಲ್ಲಿ ಅದನ್ನು ಕಟ್ಟಿಸಿದವಳು ಆಚಿಯಕ್ಕ. ಅವಳ ಗಂಡ, ಮಂತ್ರಿ ಚಂದ್ರಮೌಳಿ ಬೇಡಿಕೊಂಡಾಗ ಇಮ್ಮಡಿ ಬಲ್ಲಾಳ ಬೊಮ್ಮೆಯನಹಳ್ಳಿಯನ್ನು ಅದರ ಖರ್ಚಿಗೆ ಬಿಟ್ಟುಕೊಟ್ಟ. ಕೇಳಿದವನು ಅರಮನೆಯ ಮಂತ್ರಿ. ಅಗತ್ಯವನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಕೊಡುವವನಿಗೆ ಹತ್ತಿರ ಇದ್ದವನ ಅರ್ಜಿ ಯಾವ ಕಾಲದಲ್ಲೂ ಚಿಕ್ಕದೇ.

ದೂರ ಇದ್ದವರ ಬಿನ್ನಹ ಹೇಗಿರುತ್ತದೆ ಎನ್ನುವುದಕ್ಕೆ ಅದೇ ಬೆಳಗೊಳದ 1368ರ ಶಾಸನ ನೋಡಬೇಕು. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳು ಸೇರಿ ಎಲ್ಲ ನಾಡುಗಳ ಜೈನರು ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ಬುಕ್ಕ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ ಪ್ರಸಂಗ ನಮ್ಮ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಪಠ್ಯಪುಸ್ತಕ ಅಲ್ಲಿಗೆ ನಿಲ್ಲುತ್ತದೆ, ಶಾಸನ ನಿಲ್ಲುವುದಿಲ್ಲ. ಮುಂದೆ ಅದರಲ್ಲಿ ಲೆಕ್ಕ ಬರುತ್ತದೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ದುಡ್ಡಿನಲ್ಲಿ ತಿರುಮಲೆಯ ತಾತಯ್ಯ ಗೊಮ್ಮಟದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಜೈನರ ಹಣಕ್ಕೆ ವೈಷ್ಣವ ತಾತಯ್ಯನೇ ಜವಾಬುದಾರ. ಯಾರಿಂದ ಭಯವಿತ್ತೋ ಅವರನ್ನೇ ಕಾವಲಿಗೆ ಹೊಣೆ ಮಾಡಿದ ಜಾಣ್ಮೆ ಇದು.

ಇಲ್ಲಿ ಅಗತ್ಯವೆಂದರೆ ‘ನಾವು ಬಡವರು’ ಎಂಬ ಮಾತು ಬರುವುದೇ ಇಲ್ಲ. ಏನು ನಡೆಯಿತು, ಯಾರಿಗೆ, ಅದನ್ನು ತಡೆಯಲು ಎಷ್ಟು ಜನ ಬೇಕು, ದುಡ್ಡು ಎಲ್ಲಿಂದ, ಉಳಿದದ್ದು ಏನಾಗಬೇಕು, ಎಲ್ಲವೂ ಇದೆ. ಶಾಸನದ ಕೊನೆಯಲ್ಲಿ ಇನ್ನೊಂದು ಸಂಗತಿ ಇದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ ತಾತಯ್ಯನನ್ನು ಕರೆಸಿ ಕೆಲಸ ಮಾಡಿಸಿಕೊಂಡನಂತೆ. ಎರಡೂ ಸಮಯದವರು ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಆ ಕಲ್ಲೆಹ ಇವತ್ತಿನ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲೂ ಇದೇ ಒಪ್ಪಂದದ ಶಾಸನ ಇದೆ. ಅರ್ಜಿ ಹಿಡಿದು ಅಲೆದವನಿಗೆ ಪಟ್ಟ ಕಟ್ಟಿದ ಉದಾಹರಣೆ ಆಮೇಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಮರುವರ್ಷವೇ, 1369ರಲ್ಲಿ, ಬುಕ್ಕನ ಮಗ ಭಾಸ್ಕರ ಇವತ್ತಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆ ಕಟ್ಟಿಸಿ ಸಂಸ್ಕೃತದಲ್ಲಿ ಶಾಸನ ಹಾಕಿಸಿದ. ಕೆಲಸಕ್ಕೆ ದಿನಕ್ಕೆ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಆ ಶಾಸನ ಎಣಿಸುತ್ತದೆ. ಏರಿಯಿಂದ ನೀರು ಸೋರುವುದು, ಜವುಳು ನೆಲ, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆ ಇದ್ದು ಜಮೀನು ಹೆಚ್ಚಿರುವುದು, ಜಮೀನು ಕಡಿಮೆ ಇದ್ದು ನೀರು ಹೆಚ್ಚಿರುವುದು. ಇವೆಲ್ಲ ಎಂಜಿನಿಯರು ಹೇಳುವ ಮಾತು. ಆದರೆ ಪಟ್ಟಿಯಲ್ಲಿ ಇನ್ನೊಂದು ದೋಷ ಇದೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಅದು ಮಣ್ಣಿನ ದೋಷವಲ್ಲ, ಆಡಳಿತದ ದೋಷ. ಇಬ್ಬರ ಸೀಮೆಯಲ್ಲಿ ಬಿದ್ದ ಕೆರೆಯ ಏರಿ ಒಡೆದರೆ ಯಾರೂ ಬರುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ ಪಂಚಾಯಿತಿ ಮುಗಿದು ನಗರಸಭೆ ಶುರುವಾಗುವ ಕಡೆ, ಕೈಗಾರಿಕಾ ಪ್ರದೇಶ ಮುಗಿದು ಪಾಲಿಕೆ ಶುರುವಾಗುವ ಕಡೆ ಒಂದು ಚರಂಡಿಗೆ ಅರ್ಜಿ ಹಾಕಿದವರಿಗೆ ಈ ಆರನೆಯ ದೋಷದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆರೆ ಕಟ್ಟಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಕೊಡಗಿ ಮಾನ್ಯ ಎಂದು ಭೂಮಿ ಬಿಡುತ್ತಿದ್ದರು. ಗುಡಿಯ ದತ್ತಿಯಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ, ಅಂದರೆ ಒಡೆದದ್ದು ಬಿರಿದದ್ದರ ರಿಪೇರಿ, ಪೂಜೆ ನೈವೇದ್ಯದ ಜತೆಗೇ ಬರುತ್ತದೆ. ಕಟ್ಟುವ ಖರ್ಚು ಕೇಳುವಾಗಲೇ ಕಟ್ಟಿದ ಮೇಲಿನ ಖರ್ಚನ್ನೂ ಕೇಳಿ ಕಲ್ಲಿನಲ್ಲಿ ಬರೆಸಿಕೊಂಡರು. ಇವತ್ತಿನ ಅರ್ಜಿಗಳಲ್ಲಿ ‘ಯೋಜನೆ ಮುಗಿದ ನಂತರ ನಿರ್ವಹಣೆ ಹೇಗೆ?’ ಎಂದು ಕಡೆಯ ಪುಟದಲ್ಲಿ ಕೇಳುತ್ತಾರೆ. ‘ಸ್ಥಳೀಯ ಸಮುದಾಯ ವಹಿಸಿಕೊಳ್ಳುವುದು’ ಎಂದು ನಾವು ಬರೆಯುತ್ತೇವೆ. ಓದುವವರೂ ನಂಬುವುದಿಲ್ಲ, ಬರೆಯುವವರೂ ನಂಬುವುದಿಲ್ಲ.

ಅಲ್ಲಿಂದ ಐದು ಶತಮಾನ ಹಾರಿ 1881ಕ್ಕೆ ಬರುತ್ತೇನೆ. ಮೈಸೂರು ಸಂಸ್ಥಾನ ಐವತ್ತು ವರ್ಷದ ಬ್ರಿಟಿಷ್ ಆಡಳಿತದಿಂದ ಒಡೆಯರ ಕೈಗೆ ಮರಳಿದ ವರ್ಷ ಅದು. 1876-78ರ ಬರದ ಗಾಯ ಇನ್ನೂ ಹಸಿ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ದಿವಾನ್ ರಂಗಾಚಾರ್ಲು ಆ ವರ್ಷದ ಅಕ್ಟೋಬರಿನಲ್ಲಿ, ದಸರಾ ಸಮಯಕ್ಕೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಒಂದೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು, ಒಟ್ಟು 144 ಜನ. ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ, ಮತ ಹಾಕುವುದೂ ಇರಲಿಲ್ಲ. ಸರ್ಕಾರ ಏನು ಮಾಡಿದೆ ಎಂದು ದಿವಾನರು ಓದಿ ಹೇಳುವುದು, ತಮ್ಮ ಸೀಮೆಗೆ ಏನು ಬೇಕು ಎಂದು ಪ್ರತಿನಿಧಿಗಳು ತಿಳಿಸುವುದು, ಇಷ್ಟೇ. ಅಂದರೆ ಬಿನ್ನಹಕ್ಕೆ ಒಂದು ಸಭಾಂಗಣ ಸಿಕ್ಕಿತು.

ಇದನ್ನು ಹಗುರವಾಗಿ ಕಾಣುವವರಿದ್ದಾರೆ. ದಸರಾ ನೋಡಲು ಬಂದವರ ಸಭೆ ಎಂದು ಆಡಿಕೊಳ್ಳುವುದು ಸುಲಭ. ನನಗೆ ಅದರ ಕಾರ್ಯಕಲಾಪದ ಅಚ್ಚಾದ ವರದಿಗಳು ಈ ನಾಡಿನ ಅಗತ್ಯಗಳ ಅತಿ ದೊಡ್ಡ ಪಟ್ಟಿಯಂತೆ ಕಾಣುತ್ತವೆ. ಕೆರೆ ದುರಸ್ತಿ, ಬಾವಿ, ರಸ್ತೆ, ಶಾಲೆ, ಆಸ್ಪತ್ರೆ, ದನ ಮೇಯುವ ಜಾಗ, ಕಾಡಿನ ಕಾನೂನು, ಕಂದಾಯ, ಊರೂರಿನ ಅಹವಾಲು ಅಲ್ಲಿದೆ, ಅದಕ್ಕೆ ಸರ್ಕಾರದ ಉತ್ತರವೂ ಇದೆ. ಉತ್ತರ ‘ಪರಿಶೀಲಿಸಲಾಗುವುದು’ ಎಂದೇ ಇರಲಿ, ಅಚ್ಚಾಗಿದೆ. ಮುಂದಿನ ದಸರೆಗೆ ಅದೇ ಮನುಷ್ಯ ಎದ್ದು ನಿಂತು, ಹೋದ ವರ್ಷ ಹೀಗಂದಿರಿ, ಏನಾಯಿತು ಎಂದು ಕೇಳಬಹುದು. ಇವತ್ತಿನ ಅರ್ಜಿದಾರರಿಗೆ ಈ ಅನುಕೂಲ ಇಲ್ಲ. ‘ನಿಮ್ಮ ಪ್ರಸ್ತಾವನೆ ಈ ಬಾರಿ ಆಯ್ಕೆಯಾಗಿಲ್ಲ’ ಎಂಬ ಇಮೇಲ್ ಬಂದರೆ ಅದೇ ದೊಡ್ಡದು. ಹೆಚ್ಚಿನ ಸಲ ಅದೂ ಬರುವುದಿಲ್ಲ.

ಆದರೆ ಅಲ್ಲಿ ಎದ್ದು ನಿಲ್ಲುತ್ತಿದ್ದವರು ಯಾರು? ಜಮೀನು ಇದ್ದವರು, ವ್ಯಾಪಾರ ಇದ್ದವರು. ಜಮೀನಿದ್ದವನಿಗೆ ಕೆರೆ ಎಂದರೆ ಗದ್ದೆಯ ನೀರು. ಅದೇ ಕೆರೆ ಜಮೀನಿಲ್ಲದವನಿಗೆ, ಕುಡಿಯುವ ನೀರಿಗೂ ಹತ್ತಿರ ಬರಗೊಡದವರಿಗೆ ಏನು ಎಂಬುದು ಆ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಊರಿನ ಅಗತ್ಯ ಎಂದು ಬರೆದಾಗ ಊರು ಎಂದರೆ ಯಾರು ಅನ್ನುವುದನ್ನು ಬರೆದವನೇ ತೀರ್ಮಾನ ಮಾಡಿಬಿಟ್ಟಿರುತ್ತಾನೆ.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು 1918ರ ಮನವಿ. ಹಿಂದಿನ ವರ್ಷ ಹುಟ್ಟಿದ್ದ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿಗೆ ನಿಯೋಗ ಹೋದರು. ಸರ್ಕಾರಿ ನೌಕರಿಯಲ್ಲಿ, ಓದಿನಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಕ್ಕಿಲ್ಲ ಎನ್ನುವುದು ಅವರ ಮಾತು. ಇದಕ್ಕೂ ಹಿಂದಿನ ಅಹವಾಲುಗಳಿಗೂ ಒಂದು ವ್ಯತ್ಯಾಸ ಇದೆ. ಅವರು ಕಟ್ಟಡ ಕೇಳಲಿಲ್ಲ, ಕೆರೆ ಕೇಳಲಿಲ್ಲ. ಜನಸಂಖ್ಯೆಯಲ್ಲಿ ನಮ್ಮ ಪಾಲು ಇಷ್ಟು, ಕಚೇರಿಯಲ್ಲಿ ಇಷ್ಟು ಎಂದು ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಎಂದರು. ಕೊರತೆಯನ್ನು ಹೋಲಿಕೆಯಿಂದ ತೋರಿಸುವ ಈ ದಾರಿ ಹಿಡಿಯಲು ಜನಗಣತಿ ಬೇಕಾಗಿತ್ತು, ಅದು ಆ ಹೊತ್ತಿಗೆ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು ಶಿಫಾರಸು ಮಾಡಿತು. ಸರ್ಕಾರದ ಆದೇಶ 1921ರಲ್ಲಿ ಹೊರಟಿತು.

ಕೇಳಿದ್ದು ಸಿಕ್ಕಿತು, ಜತೆಗೆ ಒಂದು ಹೆಸರೂ ಸಿಕ್ಕಿತು. ಹಿಂದುಳಿದವರು. ಊರಲ್ಲಿ ಗೌಡಿಕೆ ಮಾಡುತ್ತಿದ್ದವರು, ಮಠ ಕಟ್ಟಿದವರು, ಪೇಟೆ ಆಳುತ್ತಿದ್ದವರು ಕೂಡ ಸರ್ಕಾರದ ಕಾಗದದಲ್ಲಿ ಆ ಹೆಸರಿನಡಿ ಬಂದರು. ನ್ಯಾಯದ ದೃಷ್ಟಿಯಿಂದ ಆ ಮನವಿ ಸರಿಯಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅಗತ್ಯ ವಿವರಿಸುವುದರಲ್ಲಿ ಇರುವ ಒಂದು ಬೆಲೆಯನ್ನು ಅದು ತೋರಿಸಿಕೊಡುತ್ತದೆ. ಕೊಡುವವರ ಮುಂದೆ ನಮ್ಮನ್ನು ನಾವು ಕೊರತೆಯಾಗಿಯೇ ಬರೆದುಕೊಳ್ಳಬೇಕು. ಇರುವುದನ್ನು ಬರೆದರೆ, ‘ಹಾಗಿದ್ದರೆ ನಿಮಗ್ಯಾಕೆ?’ ಎಂಬ ಪ್ರಶ್ನೆ ಬರುತ್ತದೆ. ಬುಕ್ಕರಾಯನ ಮುಂದೆ ಹೋದ ಜೈನರು ಮನೆಗೊಂದು ಹಣ ಕೊಡಬಲ್ಲವರಾಗಿಯೇ ಹೋಗಿದ್ದರು.

ಈಗ ನಾಗಸಂದ್ರಕ್ಕೆ ಮರಳೋಣ. ಪಹಣಿಯಲ್ಲಿ ಅದು ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿಯ ಒಂದು ಗ್ರಾಮ. 1970ರ ದಶಕದಲ್ಲಿ ಪಕ್ಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತ್, ಮೌಲ್ಡಿಂಗ್, ಪ್ಲೇಟಿಂಗ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್, ಸಾವಿರಾರು ಸಣ್ಣ ಘಟಕಗಳು. ದಾಸರಹಳ್ಳಿ ನಗರಸಭೆ 2007ರಲ್ಲಿ ಬಿಬಿಎಂಪಿಗೆ ಸೇರಿತು. 198 ವಾರ್ಡುಗಳ ಪಟ್ಟಿಯಲ್ಲಿ ಪೀಣ್ಯ ಇಂಡಸ್ಟ್ರಿಯಲ್ ಏರಿಯಾ ಇತ್ತು, ಚೊಕ್ಕಸಂದ್ರ ಇತ್ತು, ಮಲ್ಲಸಂದ್ರ ಇತ್ತು. ನಾಗಸಂದ್ರದ ಹೆಸರಿನ ವಾರ್ಡು ಇರಲಿಲ್ಲ. 2015ರ ಮೇ 1ರಂದು ಮೆಟ್ರೊ ಬಂತು, ಹಸಿರು ಮಾರ್ಗದ ಕೊನೆಯ ನಿಲ್ದಾಣವಾಗಿ ಒಂಬತ್ತು ವರ್ಷ ಇಡೀ ಬೆಂಗಳೂರಿಗೆ ಈ ಊರಿನ ಹೆಸರು ಪರಿಚಯವಾಯಿತು. 2024ರ ನವೆಂಬರಿನಲ್ಲಿ ಮಾರ್ಗ ಮಾದಾವರದವರೆಗೆ ಹೋದ ಮೇಲೆ ಆ ಪಟ್ಟವೂ ಹೋಯಿತು.

ಇದರ ನಡುವೆ ಕೊಡುವವರೂ ಬದಲಾದರು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶ, ಅದರ ಆಸುಪಾಸಿಗೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಕೇಳಲು ನ್ಯಾಯವಾಗಿದೆ. ಆದರೆ ಪೀಣ್ಯದ ಹೆಚ್ಚಿನ ಘಟಕಗಳು ಈ ಮೂರು ಗೆರೆಗಳ ಹತ್ತಿರವೂ ಬರುವುದಿಲ್ಲ. ಹತ್ತು ಹದಿನೈದು ಜನರಿಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಶೆಡ್ಡಿಗೆ ಸಿಎಸ್‌ಆರ್ ಎಲ್ಲಿಂದ ಬರಬೇಕು? ಆ ಬಿಡಿಭಾಗ ಕೊಳ್ಳುವ ಕಂಪನಿಯ ‘ಆಸುಪಾಸು’ ಬೇರೆ ಊರಲ್ಲಿ, ಬೇರೆ ರಾಜ್ಯದಲ್ಲಿ ಇರುತ್ತದೆ. ಸಾಫ್ಟ್‌ವೇರ್ ಕಂಪನಿಗಳ ಆಸುಪಾಸು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ಲೋಹ ಬೆರೆತ ನೀರು ಇಲ್ಲಿಯ ನೆಲಕ್ಕೆ ಇಳಿಯುತ್ತದೆ, ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ, ಲಾಭ ಮಾತ್ರ ಬೇರೆ ಕಡೆ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ನಾಗಸಂದ್ರದವರು ಅರ್ಜಿ ಹಾಕುವುದು ಈ ಊರನ್ನು ನೋಡದ, ನೋಡಬೇಕೆಂಬ ಕಟ್ಟುಪಾಡೂ ಇಲ್ಲದ ಯಾರಿಗೋ. ಪೋರುಮಾಮಿಳ್ಳದ ಆರನೆಯ ದೋಷ ಮತ್ತೆ ಬಂತು.

ಅವರು ಕೇಳುವುದು ಅಂಕಿಅಂಶ. ಎಷ್ಟು ಜನ, ಎಷ್ಟು ಮಕ್ಕಳು, ಎಷ್ಟು ಆದಾಯ? ಪ್ರಜಾಮಿತ್ರ ಮಂಡಳಿಗೆ ಏಳು ವರ್ಷ ಹಿಂದಿನ ಜನಗಣತಿ ಕೈಯಲ್ಲಿತ್ತು. ನಮ್ಮ ಕೈಯಲ್ಲಿ ಇರುವುದು 2011ರದ್ದು. 2021ರ ಗಣತಿ ಹೊತ್ತಿಗೆ ನಡೆಯಲೇ ಇಲ್ಲ. 2011ರಲ್ಲಿ ಇಲ್ಲಿಗೆ ಮೆಟ್ರೊ ಇರಲಿಲ್ಲ. ಸಾಲು ಮನೆ, ಪಿಜಿ, ಒಂದೇ ಕೋಣೆಯಲ್ಲಿ ನಾಲ್ವರು ಶಿಫ್ಟು ಹಂಚಿಕೊಂಡು ಮಲಗುವ ಬಾಡಿಗೆ ರೂಮುಗಳು ಈ ಸಂಖ್ಯೆಯಲ್ಲಿ ಇರಲಿಲ್ಲ. ಆ ರೂಮಿನಲ್ಲಿರುವ ರಾಯಚೂರು, ಕಲಬುರಗಿಯ ಹುಡುಗನ ಓಟು ಅವನ ಊರಲ್ಲಿ, ರೇಷನ್ ಕಾರ್ಡು ಅವನ ಅಪ್ಪನ ಹತ್ತಿರ. ಒಡಿಶಾ, ಬಿಹಾರದವರ ಕಥೆಯೂ ಅದೇ. ಹೇಳಿಕೊಳ್ಳಲು ಪಾಲಿಕೆ ಸದಸ್ಯರಾದರೂ ಇದ್ದಾರೆಯೇ ಎಂದರೆ, 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 1881ರಲ್ಲಿ ಜಮೀನಿಲ್ಲದವರಿಗೆ ಸಭೆಯಲ್ಲಿ ಜಾಗವಿರಲಿಲ್ಲ. ಈಗ ವಿಳಾಸವಿಲ್ಲದವರಿಗೆ ಅಂಕಿಅಂಶದಲ್ಲಿ ಜಾಗವಿಲ್ಲ. ಅರ್ಜಿ ಬರೆಯುವವರು ಬಹಳ ಸಲ ಹಳೆಯ ನಿವಾಸಿಗಳ ಸಂಘದವರು. ಅವರ ಒಕ್ಕಣೆಯಲ್ಲಿ ಪಾರ್ಕು ಬರುತ್ತದೆ, ಸಿಸಿಟಿವಿ ಬರುತ್ತದೆ. ಬಾಡಿಗೆ ರೂಮಿನವರು ಬಂದರೆ ಅಗತ್ಯವಾಗಿ ಬರುವುದಿಲ್ಲ, ಸಮಸ್ಯೆಯಾಗಿ ಬರುತ್ತಾರೆ.

ಗಣತಿ ಇಲ್ಲದಿದ್ದರೂ ಎಣಿಸುವ ದಾರಿಗಳಿವೆ, ಬುಸುವಿಸೆಟ್ಟಿಯಂಥವರು ಬೇಕು ಅಷ್ಟೆ. ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಮಾತೃಭಾಷೆ, ಹಿಂದಿನ ಶಾಲೆ, ಬಿಟ್ಟುಹೋದ ತಿಂಗಳು ಇರುತ್ತದೆ. ಐದು ವರ್ಷದ್ದು ಮುಂದಿಟ್ಟುಕೊಂಡರೆ ಎಷ್ಟು ಮಕ್ಕಳು ವರ್ಷದ ನಡುವೆ ಬರುತ್ತಾರೆ, ಎಷ್ಟು ಮಕ್ಕಳು ಸುಗ್ಗಿಗೆಂದು ಊರಿಗೆ ಹೋಗಿ ಮರಳುವುದಿಲ್ಲ ಎಂದು ತಿಳಿಯುತ್ತದೆ. ಅಂಗನವಾಡಿ ಕಾರ್ಯಕರ್ತೆಯರು ತಮ್ಮ ವ್ಯಾಪ್ತಿಯ ಮನೆಗಳ ಲೆಕ್ಕ ಇಟ್ಟಿರುತ್ತಾರೆ. ಒಂದು ಬೀದಿಗೆ ವಾರಕ್ಕೆ ಎಷ್ಟು ಟ್ಯಾಂಕರ್ ಬಂತು, ಲೋಡಿಗೆ ಎಷ್ಟು ಕೊಟ್ಟರು ಎಂಬುದನ್ನು ಮನೆ ಮಾಲೀಕರು ಪುಸ್ತಕದಲ್ಲಿ ಬರೆದಿಟ್ಟುಕೊಂಡೇ ಬಾಡಿಗೆದಾರರಿಂದ ವಸೂಲು ಮಾಡುತ್ತಾರೆ. ‘ನಮ್ಮಲ್ಲಿ ಗ್ರಂಥಾಲಯ ಇಲ್ಲ’ ಎಂದು ಬರೆಯುವ ಬದಲು, ಎರಡನೇ ಪಾಳಿ ಮುಗಿಸಿ ಬಂದವನಿಗೆ ಐಟಿಐ ಪರೀಕ್ಷೆಗೆ ಓದಲು ರೂಮಿನಲ್ಲಿ ಲೈಟು ಹಾಕುವಂತಿಲ್ಲ, ಪಕ್ಕದವನು ಮೂರನೇ ಪಾಳಿಗೆ ಹೋಗುವ ಮುಂಚೆ ಎರಡು ಗಂಟೆ ಮಲಗಿರುತ್ತಾನೆ, ಇಂಥ ಬೀದಿಯಲ್ಲಿ ಇಂಥ ರೂಮುಗಳು ಇಷ್ಟು, ರಾತ್ರಿ ಹತ್ತರಿಂದ ಒಂದರವರೆಗೆ ತೆರೆದಿರುವ ಜಾಗ ಬೇಕು, ಬೀಗದ ಕೈ ಇಂಥವರ ಹತ್ತಿರ ಇರುತ್ತದೆ, ಕರೆಂಟು ಬಿಲ್ಲಿಗೆ ತಲೆಗೆ ತಿಂಗಳಿಗೆ ಇಷ್ಟು ಕೊಡಲು ಅವರೇ ಒಪ್ಪಿದ್ದಾರೆ ಎಂದು ಬರೆಯಬಹುದು. ಮನೆಗೊಂದು ಹಣ, ಇಪ್ಪತ್ತು ಕಾವಲು, ಉಳಿದದ್ದಕ್ಕೆ ಸುಣ್ಣ.